ದಿನಗೂಲಿಯ ಮರೆಯಲ್ಲಿ ಕಳೆದುಹೋದ ಗಂಟೆ: ಕೊರಿಯಾದ ಲೆಕ್ಕ, ನಮ್ಮ ಲೆಕ್ಕ



ಬರಹ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಕೂಲಿ ಮಾಡೋರು ಮನೇಲಿದ್ದರೆ ಅವರಿಗೂ ಓದಿ ಹೇಳಿ.

ಏಪ್ರಿಲ್ 14 ಬಂದರೆ, ಮೇ 1 ಬಂದರೆ ನಮ್ಮ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತೆ. ದಿನಕ್ಕೆ 14 ಗಂಟೆ ಇದ್ದ ದುಡಿಮೆಯನ್ನ ಬಾಬಾಸಾಹೇಬರು 8 ಗಂಟೆಗೆ ಇಳಿಸಿದರು ಅಂತ. ಅಭಿಮಾನ ಸರಿ, ಆದರೆ ಲೆಕ್ಕ ನೇರ ಮಾಡ್ಕೊಳ್ಳೋಣ. ಯಾಕಂದ್ರೆ ನಮ್ಮ ಎದುರು ಕೂತೋರು ಮೊದಲು ಹಿಡಿಯೋದೇ ನಮ್ಮ ಅಂಕಿಸಂಖ್ಯೆಯ ತಪ್ಪನ್ನ. 1911ರ ಫ್ಯಾಕ್ಟರಿ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತ್ತು. 1922ರಲ್ಲಿ ಅದು ದಿನಕ್ಕೆ 11, ವಾರಕ್ಕೆ 60 ಆಯ್ತು. 1934ರ ಕಾಯ್ದೆಯಲ್ಲಿ ವರ್ಷವಿಡೀ ನಡೆಯೋ ಕಾರ್ಖಾನೆಗೆ ದಿನಕ್ಕೆ 10, ವಾರಕ್ಕೆ 54. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು, ಅಂದರೆ ಇವತ್ತಿನ ಲೆಕ್ಕದಲ್ಲಿ ಕಾರ್ಮಿಕ ಮಂತ್ರಿ. 1946ರಲ್ಲಿ ಅವರು ತಂದ ತಿದ್ದುಪಡಿಯಿಂದ ವಾರದ 54 ಗಂಟೆ 48ಕ್ಕೆ ಇಳಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕನಿಷ್ಠ ವೇತನ ಮಸೂದೆ ಮಂಡಿಸಿದವರೂ ಅವರೇ.

ವಾರಕ್ಕೆ ಆರು ಗಂಟೆ. ಪೋಸ್ಟರಿಗೆ ಇದು ಚಿಕ್ಕ ಅಂಕಿ. ಗಿರಣಿಯಲ್ಲಿ ನಿಂತವನ ಕಾಲಿಗೆ ದೊಡ್ಡದು.

ಇವತ್ತು ನಾನು ಬರೀತಿರೋದು ಆ ಗಂಟೆಯ ಬಗ್ಗೆ. ಇಂಡಿಯಾ ಮತ್ತು ದಕ್ಷಿಣ ಕೊರಿಯಾ, ಏಷ್ಯಾದ ಎರಡು ದೇಶಗಳು, ಗಂಟೆಯನ್ನೂ ಕೂಲಿಯನ್ನೂ ಹೇಗೆ ಅಳೆದವು ಅಂತ ಪಕ್ಕಪಕ್ಕ ಇಟ್ಟು ನೋಡೋಣ. ಕೊರಿಯಾ ಯಾಕೆ? ಅದು ಜಪಾನಿನ ಕೈಕೆಳಗಿದ್ದ ದೇಶ, ನಮ್ಮದು ಬ್ರಿಟಿಷರ ಕೈಕೆಳಗಿದ್ದ ದೇಶ. ನಮ್ಮ ಸ್ವಾತಂತ್ರ್ಯ 1947ರ ಆಗಸ್ಟ್ 15. ಅವರ ಬಿಡುಗಡೆ 1945ರ ಆಗಸ್ಟ್ 15. 1950ರ ದಶಕದಲ್ಲಿ ಅದು ಯುದ್ಧದಲ್ಲಿ ಪುಡಿಪುಡಿಯಾದ ಬಡ ದೇಶ. ಕೂಲಿ ಕಾನೂನಿನ ವಿಷಯದಲ್ಲಂತೂ ಅವರಿಗಿಂತ ನಾವೇ ಮುಂದೆ ಇದ್ವಿ. ಆಮೇಲೆ ಏನಾಯ್ತು ಅನ್ನೋದೇ ಇವತ್ತಿನ ಪ್ರಶ್ನೆ.

*

ಗಂಟೆ ಇಲ್ಲದ ಕೆಲಸ

ಮೊದಲು ನಮ್ಮ ಕಡೆಯಿಂದ ಶುರು ಮಾಡೋಣ. ಕೇರಿಯ ಜನಕ್ಕೆ ಕೆಲಸ ಯಾವತ್ತೂ ಇತ್ತು. ಇಲ್ಲದೇ ಇದ್ದದ್ದು ಕೆಲಸದ ಗಂಟೆ. ತೋಟಿಗೆ, ತಳವಾರನಿಗೆ ಊರು ಕರೆದಾಗ ಹೋಗೋದು, ಊರು ಬಿಟ್ಟಾಗ ಬರೋದು. ಸಾವಿನ ಸುದ್ದಿ ಹತ್ತೂರಿಗೆ ಮುಟ್ಟಿಸೋದು, ಸತ್ತ ದನ ಎಳೆಯೋದು, ಅಧಿಕಾರಿ ಬಂದರೆ ಮೂಟೆ ಹೊರೋದು. ಹಗಲು ಅಂತಿಲ್ಲ, ರಾತ್ರಿ ಅಂತಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಿಂದ ಒಂದಿಷ್ಟು ಕಾಳು. ಅದನ್ನ ಕೂಲಿ ಅಂತ ಯಾರೂ ಕರೀಲಿಲ್ಲ, ಆಯ ಅಂದರು. ಜೀತದಾಳಿಗೆ ಅದೂ ಇಲ್ಲ, ಸಾಲದ ಬಡ್ಡಿಗೆ ಅವನ ಇಡೀ ದಿನ ಜಮಾ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಜೀತ ರದ್ದತಿ ಕಾಯ್ದೆ 1976ರಲ್ಲಿ.

ಬಾಬಾಸಾಹೇಬರು ಇದನ್ನ ಪುಸ್ತಕ ಓದಿ ತಿಳಿದವರಲ್ಲ. ಬಾಂಬೆ ಪ್ರಾಂತ್ಯದಲ್ಲಿ ಮಹಾರ್ ವತನ್ ಅಂತ ಇತ್ತು. ಚೂರು ಜಮೀನಿನ ಆಸೆ ತೋರಿಸಿ ಇಡೀ ಮನೆತನವನ್ನ ಇಪ್ಪತ್ನಾಲ್ಕು ಗಂಟೆ ಸರ್ಕಾರಿ ಚಾಕರಿಗೆ ಕಟ್ಟಿಹಾಕೋ ಪದ್ಧತಿ. ಅದನ್ನ ಬದಲಿಸೋಕೆ ಅವರು 1928ರಲ್ಲೇ ಬಾಂಬೆ ಕೌನ್ಸಿಲ್‌ನಲ್ಲಿ ಮಸೂದೆ ತಂದರು. ಅದೇ ವರ್ಷ ಬಾಂಬೆಯ ಗಿರಣಿ ಕಾರ್ಮಿಕರ ದೊಡ್ಡ ಮುಷ್ಕರ. ಆಗ ಅವರು ಎತ್ತಿದ ಪ್ರಶ್ನೆ ನೆನಪಿಟ್ಟುಕೊಳ್ಳಿ: ನೇಯ್ಗೆ ವಿಭಾಗದಲ್ಲಿ ಕೂಲಿ ಜಾಸ್ತಿ, ಅಲ್ಲಿಗೆ ನಮ್ಮ ಜನಕ್ಕೆ ಪ್ರವೇಶ ಯಾಕಿಲ್ಲ? ಕಾರಣ ಇಷ್ಟೇ. ಲಾಳಿಯ ನೂಲು ಮುಗಿದಾಗ ಹೊಸ ನೂಲನ್ನ ಬಾಯಿಂದ ಎಳೀಬೇಕಿತ್ತು. ನಮ್ಮವರ ಎಂಜಲು ತಾಗಿದ ಲಾಳಿಯನ್ನ ಬೇರೆಯವರು ಮುಟ್ಟೋದಿಲ್ಲ. ಒಂದೇ ಗಿರಣಿ, ಒಂದೇ ಕೆಂಬಾವುಟ, ಆದರೆ ಕೂಲಿ ಎಷ್ಟು ಅಂತ ತೀರ್ಮಾನ ಮಾಡಿದ್ದು ಎಂಜಲು.

ಕೊರಿಯಾದಲ್ಲೂ ಒಂದು ಕೇರಿ ಇತ್ತು ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಆಶ್ಚರ್ಯ ಆಗುತ್ತೆ. ಬೇಕ್‌ಜೊಂಗ್ ಅಂತ ಕರೀತಿದ್ದರು. ಕಸಾಯಿ ಕೆಲಸ, ಚರ್ಮದ ಕೆಲಸ, ಬುಟ್ಟಿ ಹೆಣೆಯೋದು, ಊರಾಚೆ ವಾಸ, ವಂಶಪಾರಂಪರ್ಯ ಕಳಂಕ. 1894ರ ಸುಧಾರಣೆಯಲ್ಲಿ ಕಾನೂನಿನ ಪ್ರಕಾರ ಅದು ರದ್ದಾಯ್ತು, ಬದುಕಿನಲ್ಲಿ ಆಗಲಿಲ್ಲ. 1923ರಲ್ಲಿ ಜಿಂಜು ಅನ್ನೋ ಊರಲ್ಲಿ ಅವರು ಹ್ಯೊಂಗ್‌ಪ್ಯೊಂಗ್‌ಸಾ ಅಂತ ಸಂಘ ಕಟ್ಟಿದರು. ಸಮತೂಕದ ಸಂಘ ಅಂತ ಅರ್ಥ ಹೇಳಬಹುದು. ಮಾಂಸ ತೂಗೋ ತಕ್ಕಡಿಯನ್ನೇ ಸಮಾನತೆಯ ಗುರುತು ಮಾಡ್ಕೊಂಡ ಜನ. ನಮ್ಮ ಮಹಾಡ್ ಸತ್ಯಾಗ್ರಹಕ್ಕೆ ನಾಲ್ಕು ವರ್ಷ ಮೊದಲು. ಮುಂದೆ 1950ರ ಭೂಸುಧಾರಣೆ ಅಲ್ಲಿ ಜಮೀನ್ದಾರಿಕೆಯ ಬೆನ್ನು ಮುರಿಯಿತು, ಯುದ್ಧ ಊರುಗಳನ್ನೇ ಕಲಸಿಹಾಕಿತು. ಯಾರು ಯಾವ ಕೇರಿಯವರು ಅಂತ ಗುರುತು ಹಿಡಿಯೋದೇ ಕಷ್ಟ ಆಯ್ತು. ನಮ್ಮಲ್ಲಿ ಊರೂ ಉಳೀತು, ಕೇರಿಯೂ ಉಳೀತು. ಎರಡು ದೇಶಗಳ ಕೂಲಿ ಚರಿತ್ರೆ ಓದುವಾಗ ಈ ವ್ಯತ್ಯಾಸ ಮರೀಬಾರದು.

*

ಕಾಗದದ ಮೇಲೆ ನಾವು ಮುಂದು

1919ರಲ್ಲಿ ವಾಷಿಂಗ್ಟನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಪ್ಪಂದ ಆಯ್ತು. ಕಾರ್ಖಾನೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48. ಅದರಲ್ಲೇ ಬ್ರಿಟಿಷ್ ಇಂಡಿಯಾಕ್ಕೆ ಒಂದು ಬೇರೆ ಕಲಂ: ವಾರಕ್ಕೆ 60. ಬಿಳಿಯರ ದೇಹಕ್ಕೆ ಒಂದು ಗಡಿಯಾರ, ನಮ್ಮ ದೇಹಕ್ಕೆ ಇನ್ನೊಂದು. ಆ ಅಂತರವನ್ನ 1946ರಲ್ಲಿ ಕಾನೂನಿನಲ್ಲಿ ಮುಚ್ಚಿದ್ದು ಒಬ್ಬ ದಲಿತ ಮಂತ್ರಿ. ಅವರು ಮಂಡಿಸಿದ್ದ ಕನಿಷ್ಠ ವೇತನ ಮಸೂದೆ 1948ರಲ್ಲಿ ಕಾಯ್ದೆ ಆದಾಗ ಕಾರ್ಮಿಕ ಮಂತ್ರಿ ಆಗಿದ್ದವರು ಬಾಬು ಜಗಜೀವನ್ ರಾಂ, ಅವರೂ ದಲಿತರೇ. ಸಂಘ ಇಲ್ಲದವನಿಗೆ, ಚೌಕಾಸಿ ಮಾಡೋ ಶಕ್ತಿ ಇಲ್ಲದವನಿಗೆ ಸರ್ಕಾರವೇ ಕೂಲಿ ಗೊತ್ತುಮಾಡಬೇಕು ಅನ್ನೋದು ಆ ಕಾಯ್ದೆಯ ತಿರುಳು. ಅದರ 3ನೇ ಕಲಂನಲ್ಲಿ ಒಂದು ಮಾತಿದೆ. ಕನಿಷ್ಠ ಕೂಲಿಯನ್ನ ಗಂಟೆ ಲೆಕ್ಕದಲ್ಲೂ ಗೊತ್ತುಮಾಡಬಹುದು, ದಿನದ ಲೆಕ್ಕದಲ್ಲೂ ಮಾಡಬಹುದು, ತಿಂಗಳ ಲೆಕ್ಕದಲ್ಲೂ ಮಾಡಬಹುದು. ಈ ಗಂಟೆ ಅನ್ನೋ ಪದಕ್ಕೆ ಆಮೇಲೆ ವಾಪಸ್ ಬರ್ತೀನಿ.

ನಮ್ಮೂರಿನ ವಿಚಾರ ಒಂಚೂರು ವಿಚಿತ್ರ. ದಾವಣಗೆರೆ, ಹರಿಹರ ಆಗ ಮೈಸೂರು ಸಂಸ್ಥಾನ. ತುಂಗಭದ್ರೆಯ ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಅದು ಬಾಂಬೆ ಪ್ರಾಂತ್ಯ. ಬ್ರಿಟಿಷ್ ಇಂಡಿಯಾದ ಕಾನೂನು ಹೊಳೆಯ ಆ ದಡಕ್ಕೆ ಬರ್ತಿತ್ತು, ಈ ದಡಕ್ಕೆ ಸಂಸ್ಥಾನದ ಕಾನೂನು. ದಾವಣಗೆರೆಯಲ್ಲಿ 1930ರ ದಶಕದಲ್ಲಿ ಹತ್ತಿ ಗಿರಣಿ ಶುರುವಾಯ್ತು, 1941ರಲ್ಲಿ ಹರಿಹರಕ್ಕೆ ಕಿರ್ಲೋಸ್ಕರ್ ಬಂತು. ಒಂದಾದ ಮೇಲೊಂದು ಗಿರಣಿ ಬಂದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಿತ್ತು. ಸ್ವಾತಂತ್ರ್ಯದ ನಂತರ ಎರಡು ದಡಕ್ಕೂ ಒಂದೇ ಕಾನೂನು. ಕೆಂಬಾವುಟದ ಸಂಘಗಳು ಗಟ್ಟಿಯಾಗಿದ್ದ ಊರಿದು. ಕಾಮ್ರೇಡ್ ಪಂಪಾಪತಿಯವರನ್ನ ಈ ಊರು ಒಂದಲ್ಲ, ಹಲವು ಸಲ ವಿಧಾನಸಭೆಗೆ ಕಳಿಸಿತು.

ನಮ್ಮಪ್ಪ ಒಂದು ಗಿರಣಿಯಲ್ಲಿ ಬ್ಲೋ ರೂಮಿನಲ್ಲಿದ್ದರು. ಹತ್ತಿಯ ಧೂಳು ಕುಡಿಯೋ ಜಾಗ, ನಮ್ಮ ಜನಕ್ಕೆ ಸಿಗ್ತಿದ್ದದ್ದು ಅಂಥದ್ದೇ. ಆದರೂ ಅವರಿಗೆ ಪಾಳಿ ಇತ್ತು. ಸೈರನ್ ಕೂಗಿದರೆ ಒಳಗೆ, ಸೈರನ್ ಕೂಗಿದರೆ ಹೊರಗೆ. ಆ ಎಂಟು ಗಂಟೆ ಆದಮೇಲೆ ಮೇಸ್ತ್ರಿ ಕರೆದರೆ ಓಟಿ ಎಷ್ಟು ಅಂತ ಕೇಳೋ ಧೈರ್ಯ ಅವರಿಗಿತ್ತು. ನಮ್ಮವ್ವ ಹೊಲದ ಕೂಲಿಗೆ ಹೋಗೋರು, ಹೊಲದ ಕೆಲಸ ಇಲ್ಲದಾಗ ಮಂಡಕ್ಕಿ ಭಟ್ಟಿಗೆ. ಅವರಿಗೆ ಸೈರನ್ ಇರಲಿಲ್ಲ. ಹೊತ್ತು ಮುಳುಗೋವರೆಗೆ, ಇಲ್ಲಾ ಚೀಲ ಮುಗಿಯೋವರೆಗೆ. ಒಂದೇ ಸೂರಿನಡಿ ಒಬ್ಬರಿಗೆ ಗಂಟೆ ಇತ್ತು, ಒಬ್ಬರಿಗೆ ಇರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಕಟ್ಟೆ ಮೇಲೆ ಕೂತು ಪೇಪರ್ ಓದೋರು, ಅವ್ವ ಒಲೆ ಹಚ್ಚೋರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಿರ್ಲೋಸ್ಕರ್ ಕೂಡ ಹೋಯ್ತು. ಅಪ್ಪನಂಥವರ ಮಕ್ಕಳು ಮೊಮ್ಮಕ್ಕಳು ಅವ್ವನ ಥರದ ಕೆಲಸಕ್ಕೇ ಹೋದರು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗೋಡೌನ್, ಡೆಲಿವರಿ. ಗಂಟೆ ಇಲ್ಲದ ಕೆಲಸ.

*

ಸಿಯೋಲ್‌ನ ಆ ಹುಡುಗ

ಈಗ ಕೊರಿಯಾಕ್ಕೆ ಹೋಗೋಣ. ಅವರ ಕಾರ್ಮಿಕ ಮಾನದಂಡ ಕಾಯ್ದೆ 1953ರದ್ದು, ಯುದ್ಧದ ನಡುವೆಯೇ ಬಂದದ್ದು. ದಿನಕ್ಕೆ 8 ಗಂಟೆ, ವಾರಕ್ಕೆ 48. ಕನಿಷ್ಠ ಕೂಲಿ ಗೊತ್ತುಮಾಡಬಹುದು ಅಂತಲೂ ಅದರಲ್ಲಿತ್ತು. ಆದರೆ ಮೂವತ್ತು ವರ್ಷ ಯಾರೂ ಗೊತ್ತುಮಾಡಲಿಲ್ಲ. ಕಾಯ್ದೆ ಕಪಾಟಿನಲ್ಲಿತ್ತು, ಜನ ಕಾರ್ಖಾನೆಯಲ್ಲಿದ್ದರು.

ಸಿಯೋಲ್ ನಗರದಲ್ಲಿ ಪ್ಯೊಂಗ್‌ಹ್ವಾ ಮಾರುಕಟ್ಟೆ ಅಂತ ಇದೆ, ಹೆಸರಿನ ಅರ್ಥ ಶಾಂತಿ. 1960ರ ದಶಕದಲ್ಲಿ ಅಲ್ಲಿ ಸಾವಿರಾರು ಹುಡುಗಿಯರು ಬಟ್ಟೆ ಹೊಲೀತಿದ್ದರು. ಹದಿಮೂರು, ಹದಿನಾಲ್ಕು, ಹದಿನೈದು ವರ್ಷದವರು. ಒಂದು ಮಹಡಿಯನ್ನ ಅಡ್ಡ ಸೀಳಿ ಎರಡು ಮಾಡಿದ್ದರಿಂದ ನೆಟ್ಟಗೆ ನಿಲ್ಲೋಕೂ ಆಗದ ಅಟ್ಟಗಳು. ಬೆಳಕಿಲ್ಲ, ಗಾಳಿಯಿಲ್ಲ, ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆ. ಅಲ್ಲಿಗೆ ಸಹಾಯಕನಾಗಿ ಸೇರಿದ ಹುಡುಗ ಜಿಯೋನ್ ಟೇ-ಇಲ್. ಹುಟ್ಟಿದ್ದು 1948ರಲ್ಲಿ, ನಮ್ಮ ಕನಿಷ್ಠ ವೇತನ ಕಾಯ್ದೆ ಹುಟ್ಟಿದ ವರ್ಷ. ಶುರುವಿನಲ್ಲಿ ಅವನ ಕೂಲಿ ದಿನಕ್ಕೆ 50 ವೊನ್, ಒಂದು ಲೋಟ ಕಾಫಿಯ ಬೆಲೆ. ಹಸಿದ ಹುಡುಗಿಯರಿಗೆ ತನ್ನ ಬಸ್ ಚಾರ್ಜಿನಲ್ಲಿ ಬನ್ನಿನಂಥ ತಿಂಡಿ ಕೊಡಿಸಿ ಗಂಟೆಗಟ್ಟಲೆ ನಡ್ಕೊಂಡು ಮನೆಗೆ ಹೋಗ್ತಿದ್ದ.

ಇಂಥ ಒಂದು ಕಾಯ್ದೆ ಇದೆ ಅಂತ ಅವನಿಗೆ ಗೊತ್ತಾಗಿದ್ದು ತಂದೆಯಿಂದ. ಪುಸ್ತಕ ತಂದು ಓದೋಕೆ ಕೂತ. ಓದೋಕಾಗಲಿಲ್ಲ. ಕಾನೂನನ್ನ ಚೀನೀ ಅಕ್ಷರಗಳು ತುಂಬಿದ ಭಾಷೆಯಲ್ಲಿ ಬರೆದಿದ್ದರು. ಇವನು ಶಾಲೆ ಪೂರ್ತಿ ಕಂಡವನಲ್ಲ. ಯೂನಿವರ್ಸಿಟಿಯಲ್ಲಿ ಓದೋ ಒಬ್ಬ ಗೆಳೆಯ ನನಗಿದ್ದಿದ್ದರೆ ಅಂತ ಹಂಬಲಿಸಿದ. ಆದರೂ ಬಿಡಲಿಲ್ಲ. ಜೊತೆಗಾರರನ್ನ ಕೂಡಿಸಿ 1969ರಲ್ಲಿ ಸಂಘ ಕಟ್ಟಿ ಅದಕ್ಕೆ ದಡ್ಡರ ಸಂಘ ಅಂತಲೇ ಹೆಸರಿಟ್ಟ. ಇಷ್ಟು ದಿನ ಹಕ್ಕು ಗೊತ್ತಿಲ್ಲದೆ ದುಡಿದ ನಾವು ದಡ್ಡರೇ ಅಲ್ವಾ ಅಂತ. ಪ್ರಶ್ನೆಪಟ್ಟಿ ಹಂಚಿ ಯಾರು ಎಷ್ಟು ಗಂಟೆ ದುಡೀತಾರೆ, ಯಾರಿಗೆ ಏನು ಕಾಯಿಲೆ ಅಂತ ಲೆಕ್ಕ ಬರೆದ. ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 1970ರ ನವೆಂಬರ್ 13ರಂದು ಮಾರುಕಟ್ಟೆಯ ಮುಂದೆ ಆ ಕಾಯ್ದೆ ಪುಸ್ತಕ ಹಿಡಿದು ಮೈಗೆ ಬೆಂಕಿ ಹಚ್ಚಿಕೊಂಡ. ಕಾಯ್ದೆಯನ್ನ ಪಾಲಿಸಿ, ನಾವು ಯಂತ್ರಗಳಲ್ಲ ಅಂತ ಕೂಗ್ತಾ ಓಡಿದ. ವಯಸ್ಸು 22.

ಗೆಳೆಯರೇ, ಪ್ರಾಣ ಕೊಡೋದನ್ನ ನಾನು ದೊಡ್ಡದು ಮಾಡ್ತಿಲ್ಲ. ನಮ್ಮ ಮಕ್ಕಳು ಬದುಕಿ ಹೋರಾಡಬೇಕು. ಹೇಳ್ತಿರೋದು ಬೇರೆ. ಅವನು ಕೇಳಿದ್ದು ಹೊಸ ಕಾನೂನಲ್ಲ, 17 ವರ್ಷದಿಂದ ಇದ್ದ ಕಾನೂನನ್ನ. ಅವನ ತಾಯಿ ಲೀ ಸೋ-ಸನ್ ಅಲ್ಲಿಂದ ಮುಂದೆ 2011ರಲ್ಲಿ ತೀರಿಕೊಳ್ಳೋವರೆಗೂ ಕಾರ್ಮಿಕರ ತಾಯಿಯಾಗಿ ನಿಂತರು. ಅದೇ ನವೆಂಬರ್ ತಿಂಗಳಲ್ಲೇ ಅಲ್ಲಿ ಗಾರ್ಮೆಂಟ್ಸ್ ಸಂಘ ಹುಟ್ಟಿತು. ಅವನಿಗೆ ಸಿಗದ ಆ ಯೂನಿವರ್ಸಿಟಿ ಗೆಳೆಯರು ಅವನು ಸತ್ತ ಮೇಲೆ ಕಾರ್ಖಾನೆಗಳಿಗೆ ಬಂದರು.

*

ಒಂದು ದೇಶ, ಒಂದು ಅಂಕಿ

ಕೊರಿಯಾದಲ್ಲಿ ಕನಿಷ್ಠ ವೇತನ ಕಾಯ್ದೆ ಆದದ್ದು 1986ರ ಡಿಸೆಂಬರ್‌ನಲ್ಲಿ, ಜಾರಿ 1988ರ ಜನವರಿ 1ರಿಂದ. ನಡುವೆ 1987ರಲ್ಲಿ ಮಿಲಿಟರಿ ಆಡಳಿತದ ವಿರುದ್ಧ ಜನ ಬೀದಿಗೆ ಬಂದರು, ಬೆನ್ನಿಗೇ ಕಾರ್ಖಾನೆ ಕಾರ್ಖಾನೆಗಳಲ್ಲಿ ಮುಷ್ಕರ. ನಮಗಿಂತ ನಲವತ್ತು ವರ್ಷ ತಡ. ಮೊದಲ ವರ್ಷ ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚಿದ್ದ ಕಾರ್ಖಾನೆಗೆ ಮಾತ್ರ, ಅದರಲ್ಲೂ ಎರಡು ದರ: ಗಂಟೆಗೆ 462.50 ವೊನ್, 487.50 ವೊನ್. ಮರುವರ್ಷವೇ ಎರಡನ್ನೂ ಸೇರಿಸಿ 600 ಮಾಡಿದರು. ಅಲ್ಲಿಂದ ಇಡೀ ದೇಶಕ್ಕೆ ಒಂದೇ ಅಂಕಿ. 2018ರಲ್ಲಿ 7,530. 2025ರಲ್ಲಿ 10,030. 2026ಕ್ಕೆ 10,320 ವೊನ್, ನಮ್ಮ ದುಡ್ಡಿನಲ್ಲಿ ಗಂಟೆಗೆ ಆರುನೂರು ರೂಪಾಯಿಯ ಮೇಲೆ. ಅಲ್ಲಿನ ಬಾಡಿಗೆ, ತರಕಾರಿ ಎಲ್ಲಾ ದುಬಾರಿ, ಅದಕ್ಕೇ ನೇರ ರೂಪಾಯಿಗೆ ರೂಪಾಯಿ ಹೋಲಿಸಬೇಡಿ.

ಹೋಲಿಸಬೇಕಾದದ್ದು ಅಳತೆಗೋಲನ್ನ. ಕಾರ್ಮಿಕರ ಕಡೆಯಿಂದ 9, ಮಾಲೀಕರ ಕಡೆಯಿಂದ 9, ಸಾರ್ವಜನಿಕರ ಪರವಾಗಿ 9, ಒಟ್ಟು 27 ಜನರ ಮಂಡಳಿ ಪ್ರತಿ ವರ್ಷ ಕೂತು ಗುದ್ದಾಡಿ ಒಂದು ಅಂಕಿ ತೆಗೀತಾರೆ. ಆಗಸ್ಟ್ ಮೊದಲ ವಾರದೊಳಗೆ ಘೋಷಣೆ, ಜನವರಿ 1ರಿಂದ ಜಾರಿ. ಟಿವಿಯಲ್ಲಿ ಅದು ಚುನಾವಣೆ ಫಲಿತಾಂಶದಷ್ಟು ದೊಡ್ಡ ಸುದ್ದಿ. ಅಂಗಡಿಯಲ್ಲಿ ಲೋಟ ತೊಳೆಯೋ ಹುಡುಗಿಗೂ ತನ್ನ ಗಂಟೆಯ ಬೆಲೆ ಬಾಯಿಪಾಠ.

ಗಂಟೆಯೂ ಇಳೀತಾ ಬಂತು. ವಾರಕ್ಕೆ 48 ಇದ್ದದ್ದು 1989ರ ತಿದ್ದುಪಡಿಯಲ್ಲಿ 44. 2003ರ ತಿದ್ದುಪಡಿಯಲ್ಲಿ 40, ಹಂತಹಂತವಾಗಿ ಜಾರಿ. 2018ರಲ್ಲಿ ಓಟಿ ಎಲ್ಲಾ ಸೇರಿ ವಾರಕ್ಕೆ 52 ದಾಟಬಾರದು ಅಂತ.

*

ನಿನ್ನ ಕನಿಷ್ಠ ಕೂಲಿ ಎಷ್ಟು?

ನಮ್ಮಲ್ಲಿ ಈ ಪ್ರಶ್ನೆ ಹತ್ತು ಜನ ಕೂಲಿಯವರಿಗೆ ಕೇಳಿ ನೋಡಿ. ಸಿಗ್ತಿರೋ ಕೂಲಿ ಹೇಳ್ತಾರೆ, ಸಿಗಬೇಕಾದ ಕೂಲಿ ಗೊತ್ತಿರಲ್ಲ. ಅವರ ದಡ್ಡತನ ಅಲ್ಲ ಇದು. ಕರ್ನಾಟಕದಲ್ಲಿ ಅನುಸೂಚಿತ ಉದ್ದಿಮೆಗಳು ಅಂತ ಎಂಬತ್ತಕ್ಕೂ ಹೆಚ್ಚು. ಒಂದೊಂದಕ್ಕೂ ಬೇರೆ ಅಧಿಸೂಚನೆ. ಒಳಗೆ ವಲಯ ಒಂದು, ಎರಡು, ಮೂರು. ಅದರೊಳಗೆ ಕುಶಲ, ಅರೆಕುಶಲ, ಅಕುಶಲ. ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗೋ ತುಟ್ಟಿಭತ್ಯೆ. ಹೊಟ್ಟೆಪಾಡಿಗೆ ನಾನು ಗುಮಾಸ್ತ, ದಿನಾ ಕಾಗದಪತ್ರದ ಜೊತೆ ಬದುಕೋನು. ನನಗೇ ಒಂದು ದರ ಹುಡುಕೋಕೆ ಅರ್ಧ ದಿನ ಬೇಕಾಗುತ್ತೆ. ಜಿಯೋನ್ ಟೇ-ಇಲ್‌ನ ಚೀನೀ ಅಕ್ಷರ ನಮ್ಮಲ್ಲಿ ಅಧಿಸೂಚನೆಯ ರೂಪದಲ್ಲಿದೆ.

ಒಳ್ಳೇ ಕೆಲಸ ಆಗಿಲ್ಲ ಅಂತಲ್ಲ. 2004ರಲ್ಲಿ ಮನೆಕೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಮೊದಲ ರಾಜ್ಯ ನಮ್ಮದು. ಆದರೆ ಬೆಳಿಗ್ಗೆ ನಮ್ಮ ನಿಜಲಿಂಗಪ್ಪ ಬಡಾವಣೆಯ ಮನೆಗಳಿಗೆ ಪಾತ್ರೆ, ಕಸಕ್ಕೆ ಬರೋ ಅಕ್ಕಂದಿರನ್ನ ಕೇಳಿದೀನಿ. ಅಂಥದ್ದೊಂದು ಇದೆ ಅಂತಲೇ ಅವರಿಗೆ ಗೊತ್ತಿಲ್ಲ. ಮನೆಯವರಿಗೂ ಗೊತ್ತಿಲ್ಲ, ಗೊತ್ತಿದ್ದರೂ ಹೇಳಲ್ಲ.

ಕೂಲಿಯನ್ನ ಹೇಗೆ ಗೊತ್ತುಮಾಡಬೇಕು ಅಂತ ಸೂತ್ರ ಕೂಡ ನಮ್ಮಲ್ಲಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹೇಳಿತು: ಆಳಿಗೆ ದಿನಕ್ಕೆ 2,700 ಕ್ಯಾಲೊರಿ ಊಟ, ಮನೆಮಂದಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು. ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಮುಪ್ಪಿನ ಖರ್ಚಿಗೆ ಅಂತ ಇನ್ನೂ 25 ಪರ್ಸೆಂಟ್ ಸೇರಿಸಿತು. 2019ರಲ್ಲಿ ಕೇಂದ್ರ ಸರ್ಕಾರದ್ದೇ ತಜ್ಞರ ಸಮಿತಿ ದೇಶದ ತಳಮಟ್ಟದ ಕೂಲಿ ದಿನಕ್ಕೆ 375 ರೂಪಾಯಿ ಇರಲಿ ಅಂದಿತು. ಸರ್ಕಾರ ಘೋಷಿಸಿದ್ದು 178. ಎಂಟು ಗಂಟೆಗೆ ಭಾಗಿಸಿ, ಗಂಟೆಗೆ 22 ರೂಪಾಯಿ 25 ಪೈಸೆ.

ಗಂಟೆಗೆ ಭಾಗಿಸೋ ಅಭ್ಯಾಸ ಬಂದರೆ ಏನೇನು ಕಾಣುತ್ತೆ ನೋಡಿ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕಾರ್ಖಾನೆಯವರು ಕೊಡಲಿಲ್ಲ, ಸರ್ಕಾರವೇ ಮುಂದೂಡೋ ಆದೇಶ ಮಾಡಿತು, ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು, ಬಾಕಿ ಕೈಗೆ ಬರೋಕೆ ಎಷ್ಟೋ ಜನ 2022ರ ತನಕ ಕಾದರು. 26 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 208 ಗಂಟೆ. ಅಲ್ಲಿಗೆ ಗಂಟೆಗೆ ಎರಡು ರೂಪಾಯಿ. ಆ ಎರಡು ರೂಪಾಯಿಗೆ ಇಷ್ಟು ದೊಡ್ಡ ಜಗಳ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಎರಡು ಹಾಜರಿ ಪುಸ್ತಕ ಇದ್ದವು. ನಮ್ಮದರಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯೋಕೆ ಕಲಂ ಇತ್ತು. ಗುತ್ತಿಗೆಯ ಕಸ ಗುಡಿಸೋರ ಪುಸ್ತಕದಲ್ಲಿ ದಿನಕ್ಕೆ ಒಂದೇ ಚೌಕ, ಒಂದೇ ಟಿಕ್ ಮಾರ್ಕು. ಎಷ್ಟೊತ್ತಿಗೆ ಬಂದರು, ಎಷ್ಟೊತ್ತಿಗೆ ಹೋದರು ಅಂತ ಬರೆಯೋ ಜಾಗವೇ ಇಲ್ಲ. ಆ ಪುಸ್ತಕದಲ್ಲಿದ್ದ ಹೆಸರುಗಳೆಲ್ಲ ಹೆಚ್ಚುಕಮ್ಮಿ ನಮ್ಮ ಜನದ್ದೇ. ಒಂದು ಕಲಂ ಹಾಕಿ ಅಂತ ಕೇಳಿದ್ದಕ್ಕೆ ನಿಮಗ್ಯಾಕ್ರೀ ಅದೆಲ್ಲ ಅಂದರು. ತೋಟಿಯ ಕೆಲಸಕ್ಕೆ ಗಂಟೆ ಇರಲಿಲ್ಲ ಅಂದೆನಲ್ಲ, ಅದು ಎಲ್ಲಿಗೆ ಹೋಗಿದೆ ಅಂತ ಆ ಚೌಕ ಹೇಳುತ್ತೆ.

*

ಹನ್ನೆರಡು ಗಂಟೆ ವಾಪಸ್ ಬಂದ ವರ್ಷ

2023 ನೆನಪಿಟ್ಟುಕೊಳ್ಳಬೇಕಾದ ವರ್ಷ. ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಮಾಡಿತು. ವಾರದ ಮಿತಿ 48 ಹಾಗೇ ಇರಲಿ, ಆದರೆ ಕಾರ್ಮಿಕ ಬರೆದುಕೊಟ್ಟು ಒಪ್ಪಿದರೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು. ಮೂರು ತಿಂಗಳಲ್ಲಿ 75 ಗಂಟೆ ಇದ್ದ ಓಟಿ ಮಿತಿ 144 ಆಯ್ತು. ದೊಡ್ಡ ವಿದೇಶಿ ಮೊಬೈಲ್ ಕಂಪನಿಗಳ ಒತ್ತಾಯ ಇದರ ಹಿಂದಿದೆ ಅಂತ ಪತ್ರಿಕೆಗಳು ಬರೆದವು. ಮಾರ್ಚ್‌ನಲ್ಲಿ ಕೊರಿಯಾ ಸರ್ಕಾರವೂ ಅಂಥದ್ದೇ ಮಾಡೋಕೆ ಹೊರಟಿತು, ಬೇಕಾದ ವಾರದಲ್ಲಿ 69 ಗಂಟೆವರೆಗೆ ದುಡಿಸೋ ಪ್ರಸ್ತಾಪ. ಅಲ್ಲಿನ ಹುಡುಗ ಹುಡುಗಿಯರು ತಿರುಗಿಬಿದ್ದರು. ಹತ್ತು ದಿನ ಆಗೋದ್ರೊಳಗೆ ಅಧ್ಯಕ್ಷರೇ ಮರುಪರಿಶೀಲಿಸಿ ಅಂದರು. ಏಪ್ರಿಲ್‌ನಲ್ಲಿ ತಮಿಳುನಾಡು 12 ಗಂಟೆಯ ಮಸೂದೆ ಪಾಸು ಮಾಡಿತು, ಸಂಘಗಳು ಎದ್ದವು, ಮೇ ದಿನದಂದು ಸ್ಟಾಲಿನ್ ವಾಪಸ್ ತಗೊಂಡರು. ಕರ್ನಾಟಕದಲ್ಲಿ ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯ್ತು, ತಿದ್ದುಪಡಿ ಮಾತ್ರ ಬದಲಾಗಲಿಲ್ಲ. ಒಂದು ಪಕ್ಷ ಪಾಸು ಮಾಡಿದ್ದು ಇನ್ನೊಂದು ಪಕ್ಷದ ಕಾಲದಲ್ಲಿ ಜಾರಿಗೆ ಬಂತು.

ಕೊರಿಯಾದ ಹುಡುಗರಿಗೆ ಅಷ್ಟು ಬೇಗ ಯಾಕೆ ಅರ್ಥ ಆಯ್ತು, ನಮಗೆ ಯಾಕೆ ಆಗಲಿಲ್ಲ? ನನ್ನ ಉತ್ತರ: ಅವರ ತಲೆಯಲ್ಲಿ ಗಂಟೆಯ ಬೆಲೆ ಇದೆ, ನಮ್ಮ ತಲೆಯಲ್ಲಿ ದಿನದ ಬೆಲೆ ಇದೆ. ದಿನಕ್ಕೆ 500 ಅಂತಿಟ್ಟುಕೊಳ್ಳಿ. ಎಂಟು ಗಂಟೆಗಾದರೆ ಗಂಟೆಗೆ 62 ರೂಪಾಯಿ 50 ಪೈಸೆ. ಅದೇ 500ಕ್ಕೆ ಹನ್ನೆರಡು ಗಂಟೆ ದುಡಿಸಿದರೆ 41 ರೂಪಾಯಿ 66 ಪೈಸೆ. ಕೂಲಿ ಮೂರರಲ್ಲೊಂದು ಪಾಲು ಇಳಿದುಹೋಯ್ತು. ಆದರೆ ಸಂಜೆ ಕೈಗೆ ಬರೋದು ಅದೇ 500ರ ನೋಟು. ನೋಟು ನೋಡಿದರೆ ಕಳ್ಳತನ ಕಾಣಲ್ಲ. ನಾಲ್ಕು ದಿನ ದುಡಿದು ಮೂರು ದಿನ ರಜೆ ತಗೊಳ್ಳೋ ಭಾಗ್ಯ ಖಾಯಂ ನೌಕರನಿಗೆ ಸಿಗಬಹುದೇನೋ. ಗುತ್ತಿಗೆಯವನು ಆ ಮೂರು ದಿನ ಇನ್ನೊಂದು ಗೇಟಿನ ಮುಂದೆ ನಿಂತಿರ್ತಾನೆ. ಬರೆದುಕೊಟ್ಟ ಒಪ್ಪಿಗೆಯ ಮಾತಂತೂ ಕೇಳಲೇಬೇಡಿ. ಕೆಲಸ ಬೇಕಾದವನು ಯಾವ ಕಾಗದಕ್ಕೆ ಸಹಿ ಹಾಕಲ್ಲ ಹೇಳಿ?

*

ಕೊರಿಯಾ ಸ್ವರ್ಗ ಅಂತ ತಿಳೀಬೇಡಿ

ಅಲ್ಲೂ ಊರಾಚೆ ಜನ ಇದ್ದಾರೆ. ಐದು ಜನಕ್ಕಿಂತ ಕಡಿಮೆ ಇರೋ ಅಂಗಡಿ, ಕಾರ್ಖಾನೆಗೆ ಗಂಟೆಯ ಮಿತಿ ಅನ್ವಯ ಆಗಲ್ಲ. ಹೊಲದ ಕೆಲಸದವರಿಗೂ ಆಗಲ್ಲ, ಆ ಕೆಲಸಕ್ಕೆ ಈಗ ಹೆಚ್ಚಾಗಿ ಬರೋದು ಕಾಂಬೋಡಿಯಾ, ನೇಪಾಳದಂಥ ದೇಶಗಳ ವಲಸಿಗರು. 2020ರ ಡಿಸೆಂಬರ್ ಚಳಿಯಲ್ಲಿ ಕಾಂಬೋಡಿಯಾದ ಒಬ್ಬ ಕೂಲಿ ಹೆಣ್ಣುಮಗಳು ಪೋಚಿಯೋನ್‌ನ ತರಕಾರಿ ತೋಟದ ಪ್ಲಾಸ್ಟಿಕ್ ಶೆಡ್‌ನಲ್ಲಿ ಸತ್ತುಬಿದ್ದಳು. ಗಂಟೆಗೂಲಿಯಲ್ಲೂ ಮೋಸ ಇದೆ. ವಾರಕ್ಕೆ 15 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದರೆ ವಾರದ ರಜೆಗೂ ಸಂಬಳ ಕೊಡಬೇಕು ಅಂತ ಅಲ್ಲಿ ಕಾನೂನು. ಅದನ್ನ ತಪ್ಪಿಸೋಕೆ ಕೆಲವು ಮಾಲೀಕರು ಒಂದು ಕೆಲಸವನ್ನ ಮೂರು ತುಂಡು ಮಾಡಿ ಮೂವರಿಗೆ ಹಂಚ್ತಾರೆ. ಇನ್ನು ಕೊರಿಯಾದ ಸ್ಯಾಮ್‌ಸಂಗ್ ಕಂಪನಿಯ ಶ್ರೀಪೆರಂಬದೂರು ಕಾರ್ಖಾನೆಯಲ್ಲಿ 2024ರಲ್ಲಿ ನಮ್ಮ ಜನ ಸಂಘ, ಸಂಬಳ ಕೇಳಿ 37 ದಿನ ಮುಷ್ಕರ ಮಾಡಬೇಕಾಯ್ತು. ಬಂಡವಾಳ ಸಮುದ್ರ ದಾಟಿ ಬಂತು, ಅಲ್ಲಿ ಕಾರ್ಮಿಕರು ಗೆದ್ದ ಹಕ್ಕುಗಳು ಬರಲಿಲ್ಲ.

ಅದಕ್ಕೇ ನಾನು ಕೊರಿಯಾದಿಂದ ಒಂದೇ ಒಂದು ಪಾಠ ತಗೋತೀನಿ, ಅಳತೆಗೋಲಿನ ಪಾಠ.

*

ಈಗ ಏನು ಮಾಡೋದು

2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ತಂದಿದೆ. ಬಾಬಾಸಾಹೇಬರು ಮಂಡಿಸಿದ್ದ ಮಸೂದೆಯಿಂದ ಹುಟ್ಟಿದ 1948ರ ಕಾಯ್ದೆ ಆ ವೇತನ ಸಂಹಿತೆಯೊಳಗೆ ಕರಗಿಹೋಯ್ತು. ಅದರಲ್ಲಿ ಒಳ್ಳೇದು ಒಂದಿದೆ, ಒಪ್ಪಿಕೊಳ್ಳೋಣ. ಅನುಸೂಚಿತ ಉದ್ದಿಮೆ ಅನ್ನೋ ಪಟ್ಟಿ ಹೋಯ್ತು, ಕನಿಷ್ಠ ಕೂಲಿ ಎಲ್ಲಾ ಕೆಲಸಗಾರರ ಹಕ್ಕು ಅಂತ ಆಯ್ತು. ಗಂಟೆ, ದಿನ, ತಿಂಗಳು ಮೂರರ ಲೆಕ್ಕದಲ್ಲೂ ದರ ಗೊತ್ತುಮಾಡಬಹುದು ಅನ್ನೋ ಮಾತೂ ಉಳಿದಿದೆ. ರಾಜ್ಯ ಸರ್ಕಾರವೂ 2025ರ ಏಪ್ರಿಲ್‌ನಲ್ಲಿ ಉದ್ದಿಮೆಗಳನ್ನೆಲ್ಲ ಒಟ್ಟಿಗೆ ತರೋ ಹೊಸ ದರಗಳ ಕರಡು ಹೊರಡಿಸಿತ್ತು. ಅಂದರೆ ಬಾಗಿಲು ಅರ್ಧ ತೆರೆದಿದೆ. ನಾವು ಸುಮ್ಮನಿದ್ದರೆ ಮಾಲೀಕರ ಸಂಘಗಳು ಬಂದು ಮುಚ್ತಾರೆ.

ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿ ಅನ್ನೋ ಕಾರ್ಖಾನೆ ಊರಲ್ಲಿ ಮೇಷ್ಟ್ರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಸಂಘಟನೆ ಜೀತ, ಭೂಮಿ, ದೌರ್ಜನ್ಯಗಳ ವಿರುದ್ಧ ನಿಂತಿತು. ಈಗ ನಮ್ಮ ಹುಡುಗರಲ್ಲಿ ಭೂಮಿ ಇದ್ದವರು ಕಡಿಮೆ, ಗುತ್ತಿಗೆಯಲ್ಲಿ ಇದ್ದವರು ಜಾಸ್ತಿ. ಹೋರಾಟದ ಪಟ್ಟಿಗೆ ಗಂಟೆಯೂ ಸೇರಬೇಕು. ನಾನು ಇಡೋ ಬೇಡಿಕೆ ಮೂರು:

ಒಂದು, ರಾಜ್ಯ ಸರ್ಕಾರ ಕನಿಷ್ಠ ಕೂಲಿಯನ್ನ ದಿನದ ಜೊತೆಗೆ ಗಂಟೆಯ ಲೆಕ್ಕದಲ್ಲೂ ಘೋಷಿಸಲಿ. ಅಂಕಿ ಸುಲಭ ಕನ್ನಡದಲ್ಲಿ ಪ್ರತಿ ಗೇಟಿನ ಮುಂದೆ, ಪ್ರತಿ ಕಚೇರಿಯ ಗೋಡೆ ಮೇಲೆ, ರೇಷನ್ ಅಂಗಡಿಯಲ್ಲಿ ಬರೆದಿರಲಿ.

ಎರಡು, ದಿನಕ್ಕೆ ಕರೆದ ಮೇಲೆ ಎಂಟು ಗಂಟೆಯ ಕೂಲಿ ಗ್ಯಾರಂಟಿ ಇರಲಿ. ಕೊರಿಯಾದ ತುಂಡು ಕೆಲಸದ ಮೋಸ ಇಲ್ಲಿಗೆ ಬರಬಾರದು.

ಮೂರು, ಗುತ್ತಿಗೆಯವರ ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯೋ ಕಲಂ ಕಡ್ಡಾಯ ಆಗಲಿ. ಎಂಟು ಗಂಟೆ ದಾಟಿದ ಪ್ರತಿ ಗಂಟೆಗೆ ಡಬಲ್.

ಸರ್ಕಾರ ಮಾಡೋವರೆಗೆ ನಾವೇ ಶುರು ಮಾಡೋಣ. ನಿಮ್ಮ ಓಣಿಯಲ್ಲಿ ಓದಿದ ಹುಡುಗ ಹುಡುಗಿಯರು ಇದ್ದರೆ ಜಿಯೋನ್ ಟೇ-ಇಲ್‌ಗೆ ಸಿಗದ ಆ ಗೆಳೆಯ ನೀವಾಗಿ. ಈ ಭಾನುವಾರ ಹತ್ತು ಮನೆಗೆ ಹೋಗಿ. ಸೆಕ್ಯುರಿಟಿ ಅಣ್ಣ, ಪೌರಕಾರ್ಮಿಕ ಅಕ್ಕ, ಮಂಡಕ್ಕಿ ಭಟ್ಟಿಯ ಅಜ್ಜಿ, ಡೆಲಿವರಿ ತಮ್ಮ. ಎಷ್ಟೊತ್ತಿಗೆ ಹೋಗ್ತೀರಿ, ಎಷ್ಟೊತ್ತಿಗೆ ಬರ್ತೀರಿ, ಎಷ್ಟು ಸಿಗುತ್ತೆ ಅಂತ ಮೂರೇ ಪ್ರಶ್ನೆ ಕೇಳಿ. ಅವರ ಎದುರೇ ಕೂತು ಭಾಗಾಕಾರ ಮಾಡಿ, ಬಂದ ಅಂಕಿಯನ್ನ ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ. ಹೆಸರು ಬರೆಯದೆ ಒಂದು ಪ್ರತಿ ನೀವೂ ಇಟ್ಟುಕೊಳ್ಳಿ. ಐನೂರು ಚೀಟಿ ಆದ ದಿನ ಎಲ್ಲರೂ ಸೇರಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗೋಣ.

ಜೈ ಭೀಮ್.

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ